ಹೆಸರು ಹೇಳಿದರೆ ಔಟು

ನನ್ನ ವಾರಗಿತ್ತಿಗೆ ತನ್ನ ಗಂಡನ ಹೆಸರೇ ಗೊತ್ತಿಲ್ಲ ಎಂದು ನಮ್ಮೂರಿನ ಅರ್ಧ ಜನ ನಂಬಿದ್ದಾರೆ. ಉಳಿದರ್ಧ ಜನ, ಗೊತ್ತಿದೆ ಆದರೆ ಅವಳಿಗೆ ತಲೆ ನೆಟ್ಟಗಿಲ್ಲ ಎನ್ನುತ್ತಾರೆ. ನಾನು ಅವಳ ಪಕ್ಕದ ಮನೆಯಲ್ಲಿ, ಒಂದೇ ಗೋಡೆಯ ಈಚೆ, ನಲವತ್ತೆಂಟು ವರ್ಷದಿಂದ ಇದ್ದೇನೆ. ಯಾವ ಅರ್ಧಕ್ಕೆ ಸೇರಬೇಕೋ ನನಗಿನ್ನೂ ತಿಳಿದಿಲ್ಲ.

ಅವಳು ನನ್ನ ಮೈದುನನ ಹೆಂಡತಿ. ಮೈದುನನ ಹೆಸರು ಕರೀಗೌಡ. ನೋಡಿ, ನಾನು ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಅವನು ಹುಟ್ಟುವ ಮೊದಲು ನಮ್ಮತ್ತೆ ಕರಿಘಟ್ಟದ ಸ್ವಾಮಿಗೆ ಹರಕೆ ಹೊತ್ತಿದ್ದರಂತೆ, ಅದಕ್ಕೆ ಆ ಹೆಸರು. ಹುಟ್ಟಿದ ಮೇಲೆ ನೋಡಿದರೆ ಬಣ್ಣಕ್ಕೂ ಹೊಂದಿತು.

ನಮ್ಮ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಆಡಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ದೊಡ್ಡವರು ಹೆದರಿಸಿಟ್ಟಿದ್ದರು. ನಾನೂ ಬಹಳ ವರ್ಷ ಹೇಳಿರಲಿಲ್ಲ. ಒಂದು ದಿನ ರೇಷನ್ ಕಾರ್ಡಿನವನು ಮೂರು ಸಲ ಕೇಳಿದ, ಬಿಸಿಲು ಬೇರೆ, ಹೇಳಿಬಿಟ್ಟೆ. ನಮ್ಮ ಯಜಮಾನರಿಗೆ ಏನೂ ಆಗಲಿಲ್ಲ. ಅದಾದ ಮೇಲೂ ಹದಿನಾಲ್ಕು ವರ್ಷ ನನ್ನ ತಲೆ ತಿಂದುಕೊಂಡು ಚೆನ್ನಾಗಿಯೇ ಇದ್ದರು.

ಇವಳದು ಹಾಗಲ್ಲ. ಹೆಸರಿರಲಿ, ಹೆಸರಿನ ಮೊದಲೆರಡು ಅಕ್ಷರ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಇವಳ ನಾಲಿಗೆ ಸುತ್ತು ಹಾಕಿಕೊಂಡು ಹೋಗುತ್ತದೆ. ಕರಿಬೇವು ಎನ್ನುವುದಿಲ್ಲ, ಒಗ್ಗರಣೆ ಸೊಪ್ಪು. ಕರಿ ಎಳ್ಳು ಎನ್ನುವುದಿಲ್ಲ, ಶನಿದೇವರ ಎಳ್ಳು. ಕರಿಘಟ್ಟಕ್ಕೆ ‘ಮೆಟ್ಲು ಜಾಸ್ತಿ ಇರೋ ಘಟ್ಟ’. ಗಂಡ ಗದ್ದೆಯಲ್ಲಿದ್ದರೆ ಕೂಗಿ ಕರೆಯುವುದಿಲ್ಲ, ಹಿತ್ತಲಲ್ಲಿ ನಿಂತು ತಟ್ಟೆ ಬಡಿಯುತ್ತಾಳೆ. ಆ ಸದ್ದಿಗೆ ಕರೀಗೌಡ ಬರುವ ಮೊದಲು ಊರಿನ ನಾಯಿಗಳೆಲ್ಲ ಬಂದು ಕೂರುತ್ತವೆ.

ಇದಕ್ಕೊಂದು ಕಾರಣವಿದೆ, ಅದನ್ನೂ ಹೇಳಬೇಕು. ಮದುವೆಯಾದ ಹೊಸದರಲ್ಲಿ ನಾಲೆಯ ಹತ್ತಿರ ಬಟ್ಟೆ ಒಗೆಯುವಾಗ ನಾವು ನಾಲ್ಕು ಜನ ಹೆಂಗಸರು ಸೇರಿ ಇವಳನ್ನು ಪೀಡಿಸಿ ಹೆಸರು ಹೇಳಿಸಿದ್ದೆವು. ಅದೇ ದಿನ ಸಂಜೆ ಗಂಡ ತೆಂಗಿನ ಮರದಿಂದ ಬಿದ್ದು ಎಡಗೈ ಮುರಿದುಕೊಂಡ. ಆ ಕೈ ಇವತ್ತಿಗೂ ಸೊಟ್ಟಗಿದೆ. ಮರಕ್ಕೆ ಪಾಚಿ ಕಟ್ಟಿತ್ತು, ಇವನು ಕಾಲು ತೊಳೆಯದೆ ಹತ್ತಿದ್ದ. ಎಷ್ಟು ಸಲ ಹೇಳಿದರೂ ಅವಳಿಗೆ ಪಾಚಿ ಕಾಣುವುದಿಲ್ಲ, ಹೆಸರೇ ಕಾಣುತ್ತದೆ.

ಒಂದು ಸಲ ಎಲ್ಲರೂ ಗಂಜಾಂಗೆ ದೇವಿ ದರ್ಶನಕ್ಕೆ ಹೋಗಿದ್ದೆವು. ಜನವೋ ಜನ. ಕರೀಗೌಡ ತಪ್ಪಿಸಿಕೊಂಡ. ನಾನು ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಇವಳೊಬ್ಬಳೇ ಮೈಕಿನವನ ಹತ್ತಿರ ಓಡಿದಳು. ಅವನು ಹೆಸರು ಕೇಳಿದ. ಇವಳು ಏನು ಹೇಳಿದಳೋ, ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಕೇಳಿಸಿತು: “ಕಾಗೆ ಬಣ್ಣದ ಹೆಸರಿರುವ ಗೌಡರು ಎಲ್ಲಿದ್ದರೂ ಚಪ್ಪಲಿ ಸ್ಟ್ಯಾಂಡಿನ ಬಳಿ ಬರಬೇಕು.” ಮೂರು ಜನ ಬಂದರು. ಒಬ್ಬ ಕಾಳೇಗೌಡ, ಒಬ್ಬ ಕರಿಯಪ್ಪ, ಇನ್ನೊಬ್ಬ ನಾಗಮಂಗಲದ ಕಡೆಯ ಕೃಷ್ಣೇಗೌಡ. ಇವಳ ಗಂಡ ಮಾತ್ರ ಬರಲಿಲ್ಲ. ಅವನು ನದಿಯ ಮೆಟ್ಟಿಲ ಮೇಲೆ ಕುಳಿತು ಪುರಿ ತಿನ್ನುತ್ತಿದ್ದ.

“ಮೈಕಲ್ಲಿ ಕೂಗಿದ್ದು ಕೇಳಿಸ್ನಿಲ್ವೇನ್ಲಾ?” ಎಂದೆ ನಾನು.

“ಕೇಳಿಸ್ತು ಕಣತ್ಗೆ. ಯಾರೋ ಬಡ್ಡೀಮಗ ಎಡ್ತೀನ ಬುಟ್ಟು ಓಗವ್ನೆ ಅನ್ಕಂಡೆ” ಎಂದ.

ಹೀಗೇ ದಿನ ಹೋಗುತ್ತಿರುವಾಗ ಇವಳ ಮಗ ಮನೆಗೆ ದೊಡ್ಡ ಟಿವಿ ತಂದ. ಮಧ್ಯಾಹ್ನ ಊಟವಾದ ಮೇಲೆ ಅದರಲ್ಲೊಂದು ಆಟ ಬರುತ್ತದೆ. ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ಬೈಯಬೇಡಿ. ಜೋಡಿ ಜೋಡಿ ಜನ ಬರುತ್ತಾರೆ. ಒಬ್ಬರಿಗೆ ಒಂದು ಪದ ತೋರಿಸುತ್ತಾರೆ. ಅವರು ಆ ಪದವನ್ನು ಬಾಯಿಬಿಟ್ಟು ಹೇಳಬಾರದು, ಬೇರೆ ಮಾತಿನಲ್ಲಿ ಸುಳಿವು ಕೊಡಬೇಕು. ಎದುರಿಗಿರುವವರು ಪದ ಯಾವುದೆಂದು ಊಹಿಸಬೇಕು. ಸುಳಿವು ಕೊಡುವವರು ಅಪ್ಪಿತಪ್ಪಿ ಆ ಪದವನ್ನೇ ಹೇಳಿದರೆ ‘ಟೊಂಯ್’ ಎಂದು ಸದ್ದಾಗುತ್ತದೆ, ಅವರು ಔಟು. ಗೆದ್ದವರಿಗೆ ಮಿಕ್ಸಿ.

ನನಗೆ ಇವತ್ತಿಗೂ ಅರ್ಥವಾಗದ ವಿಷಯ ಇದು. ಗೊತ್ತಿರುವುದನ್ನು ಹೇಳದೆ ಇರುವವರಿಗೆ ಮಿಕ್ಸಿ ಯಾಕೆ ಕೊಡಬೇಕು? ನಾಲ್ಕನೇ ಕ್ಲಾಸಿನಲ್ಲಿ ನಾನು ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತಾಗ ಮೇಷ್ಟ್ರು ಬೆತ್ತ ತೆಗೆದುಕೊಂಡಿದ್ದರು. ನನ್ನ ಓದು ಮುಗಿದದ್ದು ಅಲ್ಲಿಗೇ.

ವಾರಗಿತ್ತಿ ಮಾತ್ರ ಮೊದಲ ದಿನವೇ ಟಿವಿಯ ಮುಂದೆ ಕಂಬದ ಹಾಗೆ ಕುಳಿತುಬಿಟ್ಟಳು.

“ಅಕ್ಕ, ನಾನ್ ಮದ್ವೆ ಆದಾಗಿಂದ ಆಡ್ತಿರೋದು ಇದೇ ಆಟ ಅಲ್ವಾ? ಈಗ ಇದ್ಕೆ ಮಿಕ್ಸಿ ಬೇರೆ ಕೊಡ್ತಾವ್ರೆ” ಎಂದಳು.

ಅಂದಿನಿಂದ ಆ ಹೊತ್ತಿಗೆ ಅವಳನ್ನು ಮಾತಾಡಿಸುವಂತಿಲ್ಲ. ಕರೀಗೌಡನಿಗೆ ಪದ ಗಿದ ಏನೂ ಬೇಕಿರಲಿಲ್ಲ, ಅವನಿಗೆ ಹಿಡಿಸಿದ್ದು ಆ ಟೊಂಯ್ ಒಂದೇ. ಸಾರಿಗೆ ಉಪ್ಪು ಜಾಸ್ತಿಯಾದರೆ ಟೊಂಯ್. ಮುದ್ದೆ ಗಂಟಾದರೆ ಟೊಂಯ್. ಹೆಂಡತಿ ತವರಿಗೆ ಹೋಗುತ್ತೇನೆಂದು ಬ್ಯಾಗು ತೆಗೆದರೆ ಜಗಲಿಯಿಂದಲೇ ಟೊಂಯ್. ಗೋಡೆಯ ಈಚೆ ನನಗೆ ದಿನವಿಡೀ ಅದೇ ಸದ್ದು.

ಒಂದು ದಿನ ಆ ಆಟಕ್ಕೆ ಜನ ಆರಿಸಲು ಕೆ.ಆರ್. ಪೇಟೆಗೆ ಬರುತ್ತಾರೆಂದು ಟಿವಿಯಲ್ಲೇ ಹೇಳಿದರು. ವಾರಗಿತ್ತಿ ನನ್ನ ಕೈ ಹಿಡಿದುಕೊಂಡು ಜೋಡಿಗೆ ಬಾ ಎಂದಳು. ನನಗೆ ತಲೆಬುಡ ತಿಳಿಯದು ಎಂದೆ. “ನೀನ್ ಸುಮ್ನೆ ಕೂತ್ಕೊ, ನಾನ್ ಏಳ್ಕೊಡ್ತೀನಿ” ಎಂದಳು. ಇಬ್ಬರೂ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದೆವು.

ಅಲ್ಲಿ ಒಂದು ಕಲ್ಯಾಣ ಮಂಟಪದ ಬಾಗಿಲಲ್ಲಿ ಹುಡುಗಿಯೊಬ್ಬಳು ಹೆಸರು ಬರೆದುಕೊಳ್ಳುತ್ತಿದ್ದಳು.

“ನಿಮ್ಮ ಯಜಮಾನರ ಹೆಸರು ಏನಮ್ಮಾ?”

“ಒಗ್ಗರಣೆಗೆ ಏನ್ ಆಕ್ತೀಯವ್ವ?” ಎಂದಳು ವಾರಗಿತ್ತಿ.

“ಎಣ್ಣೆ.”

“ಆಮ್ಯಾಕೆ?”

“ಸಾಸಿವೆ.”

“ಆಮ್ಯಾಕೆ?”

ಹುಡುಗಿ ಹಿಂದಿದ್ದ ಸಾಲನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಏನೋ ಬರೆದಳು. ಬಗ್ಗಿ ಓದಿದರೆ ‘ಸಾಸಿವೇಗೌಡ’ ಎಂದಿತ್ತು. ನಾನು ಹೊಡೆದುಹಾಕಿಸಿ ಸರಿ ಬರೆಸಿದೆ.

ಒಳಗೆ ನಮ್ಮ ಸರದಿ ಬಂತು. ಮೊದಲು ಅವಳು ಸುಳಿವು ಕೊಡುವುದು, ನಾನು ಊಹಿಸುವುದು.

“ಯಾರೂ ಬಾ ಅನ್ನಕಿಲ್ಲ, ಬತ್ತದೆ. ಕೂತ್ಕಂಡು ನಮ್ ರಕ್ತ ಈರ್ತದೆ” ಎಂದಳು.

“ನಿನ್ ತಮ್ಮ” ಎಂದೆ.

“ಅವ್ನಲ್ಲ ಕಣಕ್ಕ, ಇನ್ನೂ ಚಿಕ್ದು.”

“ಸೊಳ್ಳೆ.”

ಜನ ಚಪ್ಪಾಳೆ ತಟ್ಟಿದರು. ಅವಳು ನಿಲ್ಲಲೇ ಇಲ್ಲ. ಕೊಡೆ, ಬೀಸೋಕಲ್ಲು, ಎಮ್ಮೆಕರು, ಹೀಗೆ ಒಂದೇ ಉಸಿರಿನಲ್ಲಿ ಏಳು ಪದ ದಾಟಿಸಿದಳು. ಆಟ ಆಡಿಸುತ್ತಿದ್ದ ಕೋಟಿನವನು ಇಷ್ಟು ಚೆನ್ನಾಗಿ ಯಾರೂ ಆಡಿಲ್ಲ ಎಂದ. ಆಮೇಲೆ ಜಾಗ ಬದಲಾಯಿಸಿ ಎಂದರು. ಈಗ ಸುಳಿವು ಕೊಡಬೇಕಾದವಳು ನಾನು. ಪರದೆಯಲ್ಲಿ ಪದ ಬಂತು. ನಾನು ಅಕ್ಷರ ಕೂಡಿಸಿಕೊಂಡು ಓದಿದೆ.

“ಪೊರಕೆ ಕಣೇ” ಎಂದೆ.

ಟೊಂಯ್.

ಅವಳು ಕಣ್ಣು ಬಿಟ್ಟಳು. ಇನ್ನೊಂದು ಪದ ಬಂತು.

“ಪೊರಕೆ ಅಲ್ಲ ಕಣೇ, ಇದು ಒರಳುಕಲ್ಲು.”

ಟೊಂಯ್.

ಎದುರಿಗಿರುವುದನ್ನು ಹೇಳಬೇಡ ಎಂದರೆ ಮನುಷ್ಯರು ಮತ್ತೇನು ಹೇಳಬೇಕು? ನಮ್ಮ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬ ಕೊಟ್ಟು ಹೊರಗೆ ಕಳಿಸಿದರು. ಬಸ್ಸಿನಲ್ಲಿ ವಾರಗಿತ್ತಿ ಪಾಂಡವಪುರ ಬರುವ ತನಕ ಬಾಯಿ ಬಿಡಲಿಲ್ಲ. ಪಾಂಡವಪುರದಲ್ಲಿ ಬಿಟ್ಟಳು.

“ನಿಂಗೆ ಸುಮ್ಕಿರಾದು ಯಾರೂ ಕಲಿಸ್ಲೇ ಇಲ್ವಾ ಅಕ್ಕ?”

“ಇಲ್ಲ ಕಣೇ” ಎಂದೆ.

ಅದಾದ ಮೂರು ತಿಂಗಳಿಗೆ ಕರೀಗೌಡನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಹಾಲು ಕರೆಯುತ್ತಾ ಕುಳಿತಿದ್ದವನು ಪಕ್ಕಕ್ಕೆ ವಾಲಿಕೊಂಡ. ಮೈಸೂರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ಜೀವ ಉಳಿಯಿತು. ಬಲಗೈ ಬಿತ್ತು, ಬಾಯಿ ಸೊಟ್ಟಗಾಯಿತು, ಮಾತು ಹೋಯಿತು. ಚೊಂಬು ತೋರಿಸಿದರೆ ಅದು ಏನೆಂದು ಅವನಿಗೆ ಗೊತ್ತು, ಅದರಲ್ಲಿ ನೀರು ಕುಡಿಯುತ್ತಾನೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಗೊತ್ತಿದ್ದೂ ಹೇಳದ ಆಟವನ್ನು ಈಗ ಅವನೂ ಆಡುವಂತಾಯಿತು.

ಮಾತು ಕಲಿಸುವ ಮೇಡಂ ಹೇಳಿದ್ದು ಇಷ್ಟು: ಒಂದೊಂದೇ ವಸ್ತು ತೋರಿಸಿ, ಹೆಸರು ಹೇಳಿ, ಹೇಳಿಸಿ. ಎಲ್ಲಕ್ಕಿಂತ ಮೊದಲು ಅವರ ಹೆಸರು ಅವರಿಗೆ ಕೇಳಿಸಲಿ.

ವಾರಗಿತ್ತಿ ಚೊಂಬು ಹಿಡಿದು ಎದುರು ಕುಳಿತಳು. ಅಭ್ಯಾಸ ಬಿಡಬೇಕಲ್ಲ. “ನೀರ್ ಕುಡಿಯಾದು, ಇತ್ತಾಳೇದು, ನಮ್ಮಪ್ಪ ಕೊಟ್ಟಿದ್ದು” ಎಂದು ಸುಳಿವು ಕೊಟ್ಟಳು. “ಚೊಂಬು ಅಂತ ಏಳೇ ಮಾರಾಯ್ತಿ” ಎಂದು ನಾನು ಬೈದೆ. ಹೇಳಿದಳು. ದಿನ ಕಳೆದಂತೆ ಒಂದೊಂದೇ ಮಾತು ಬಂತು. ಮೊದಲು ಬಂದದ್ದು ಹಸುವಿಗೆ ಬೈಯುವ ಬೈಗುಳ, ಅದನ್ನು ಇಲ್ಲಿ ಹೇಳುವ ಹಾಗಿಲ್ಲ. ಆಮೇಲೆ ನೀರು. ಆಮೇಲೆ ಮುದ್ದೆ.

ಹೆಸರು ಬರಲಿಲ್ಲ. ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡು “ಇದು... ಇದು...” ಎಂದು ನಮ್ಮ ಮುಖ ನೋಡುತ್ತಿದ್ದ. ನಾನು “ಕರೀಗೌಡ ಕಣಪ್ಪ ನೀನು” ಎಂದೆ. ಬೇರೆ ಊರಿನ ಯಾರದೋ ಸುದ್ದಿ ಹೇಳಿದೆನೇನೋ ಎಂಬಂತೆ ನನ್ನನ್ನು ನೋಡಿದ. ಆಮೇಲೆ ಅಳತೊಡಗಿದ. ತಾನು ಯಾರೆಂದು ತನಗೇ ಸಿಗದಿದ್ದರೆ ಯಾರು ಅಳುವುದಿಲ್ಲ? ಮೇಡಂ ಫೋನಿನಲ್ಲಿ ಹೇಳಿದರು, “ನೀವು ಯಾವಾಗಲೋ ಬಂದು ಹೇಳಿದರೆ ಸಾಲದು ಅಜ್ಜಿ. ಸದಾ ಜೊತೆಗಿರುವವರು ದಿನಕ್ಕೆ ಹತ್ತಾರು ಸಲ ಹೇಳಬೇಕು.”

ಸದಾ ಜೊತೆಗಿರುವವಳು ಒಳಗೆ ಹೋಗಿ ಸೊಪ್ಪು ಬಿಡಿಸುತ್ತಾ ಕುಳಿತಳು.

“ಏಳ್ಬುಡೇ, ಏನಾಯ್ತದೆ?” ಎಂದೆ.

“ಒಂದ್ಸಲ ಏಳಿದ್ಕೆ ಒಂದ್ ಕೈ ಓಯ್ತು ಕಣಕ್ಕ. ಈಗ ಉಳ್ದಿರಾದೇ ಅರ್ಧ ಆಳು.”

ನಾನು ಎಲ್ಲದಕ್ಕೂ ಬಾಯಿ ಹಾಕುವವಳು. ಅವತ್ತು ಮಾತ್ರ ಪಕ್ಕದಲ್ಲಿ ಕುಳಿತು ಅವಳ ಜೊತೆ ಸೊಪ್ಪು ಬಿಡಿಸಿದೆ.

ಮರುದಿನ ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದೆ. ಟಿವಿಯಲ್ಲಿ ಅದೇ ಆಟ ಬರುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಅವಳು ಗಂಡನ ಮುಂದೆ ಚಾಪೆಯ ಮೇಲೆ ಕುಳಿತು ಸುಳಿವು ಕೊಡುತ್ತಿದ್ದಳು.

“ಮೆಟ್ಲು ಜಾಸ್ತಿ ಇರೋ ಘಟ್ಟ. ನಿಮ್ಮವ್ವ ಹರಕೆ ಒತ್ತಿದ್ದು.”

ಅವನು ನೋಡುತ್ತಿದ್ದ.

“ಒಗ್ಗರಣೆ ಸೊಪ್ಪು. ಕಾಗೆ ಬಣ್ಣ.”

“ಕಾಗೆ” ಎಂದ ಅವನು. ಅಲ್ಲವೆಂದು ಅವನಿಗೇ ಗೊತ್ತಾಯಿತು. ಎಡಗೈ ಎದೆಗೆ ಹೋಯಿತು. “ಇದು... ಇದು...” ಕಣ್ಣು ತುಂಬಿಕೊಂಡವು.

ನಾನು ಮಜ್ಜಿಗೆ ಲೋಟ ಹಿಡಿದು ಹೊಸಿಲಲ್ಲೇ ನಿಂತೆ. ಅವಳು ಸೆರಗಿನಿಂದ ಅವನ ಮುಖ ಒರೆಸಿದಳು. ಒಂದು ಕೈಯಲ್ಲಿ ತನ್ನ ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಇನ್ನೊಂದರಲ್ಲಿ ಅವನ ಗಲ್ಲ ಹಿಡಿದಳು.

“ಕರೀಗೌಡ” ಎಂದಳು. “ನಿನ್ ಎಸ್ರು ಕರೀಗೌಡ.”

ಆಮೇಲೆ ಕಣ್ಣು ಮುಚ್ಚಿ, ಮನೆ ತಲೆಯ ಮೇಲೆ ಬೀಳುತ್ತದೇನೋ ಎಂಬಂತೆ ಕುಳಿತಳು. ಏನೂ ಬೀಳಲಿಲ್ಲ. ಕರೀಗೌಡ ಅವಳನ್ನೇ ನೋಡಿದ. ಸೊಟ್ಟ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ನನಗೆ ಗಾಬರಿಯಾಯಿತು, ಇನ್ನೊಂದು ಸಲ ಹೊಡೆಯಿತೇ ಎಂದು. ಅದು ನಗು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಟೊಂ...” ಎಂದ. ಎಂಜಲು ನುಂಗಿಕೊಂಡು ಮತ್ತೆ ಪ್ರಯತ್ನಪಟ್ಟ. “ಟೊಂಯ್.”

ಅವಳು ಕಣ್ಣು ತೆರೆದಳು. ಬೈಯುತ್ತಾಳೆಂದುಕೊಂಡೆ. “ಕರೀಗೌಡ” ಎಂದಳು ಮತ್ತೆ, ಈ ಸಲ ಜೋರಾಗಿ.

“ಟೊಂಯ್.”

ಟಿವಿಯಲ್ಲಿ ಆಟ ಮುಗಿಯುವ ಹೊತ್ತಿಗೆ ಅವಳು ಹದಿನೇಳು ಸಲ ಔಟಾಗಿದ್ದಳು. ಹದಿನೆಂಟನೆಯ ಸಲಕ್ಕೆ ಅವನು ಟೊಂಯ್ ಎನ್ನಲಿಲ್ಲ. ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, “ಕರಿ” ಎಂದ.