ಬಾ ಎನ್ನುವ ಊಟದ ಕೋಣೆ

ಊಟದ ಕೋಣೆ ಎಲ್ಲರನ್ನೂ ಸ್ವಾಗತಿಸುವಂತಿರಬೇಕು ಎಂದು ಹೇಳುವವರು, ಎಲ್ಲರನ್ನೂ ಎಂದರೆ ಯಾರ್ಯಾರನ್ನು ಎಂಬುದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ. ನಾನೂ ಕೇಳಲಿಲ್ಲ. ನನ್ನ ಮೊಬೈಲಿನೊಳಗೆ ದಿನಾ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಬರುವ ಒಬ್ಬ ತೆಳ್ಳಗಿನ ಹೆಂಗಸಿದ್ದಾಳೆ. ಮನೆ ಸಿಂಗರಿಸುವುದನ್ನು ಹೇಳಿಕೊಡುವುದು ಅವಳ ಕೆಲಸ. "ನಿಮ್ಮ ಗೋಡೆ ಬಾ ಅನ್ನಬೇಕು, ನಿಮ್ಮ ದೀಪ ಕೂತ್ಕೋ ಅನ್ನಬೇಕು, ನಿಮ್ಮ ಮೇಜು ಇನ್ನೊಂದು ತುತ್ತು ಅನ್ನಬೇಕು" ಎನ್ನುತ್ತಾಳೆ. ಇಪ್ಪತ್ತೈದು ವರ್ಷದಿಂದ ಈ ಮೂರು ಮಾತನ್ನೂ ನಾನೊಬ್ಬಳೇ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವಳು. ಗೋಡೆ, ದೀಪ, ಮೇಜು ಒಂದೊಂದನ್ನು ಹಂಚಿಕೊಂಡರೆ ನನಗೂ ಸ್ವಲ್ಪ ಬಿಡುವಾದೀತು ಅನ್ನಿಸಿತು. ಆದರೆ ಗೋಡೆ ನಿಜವಾಗಿಯೂ ಬಾ ಎಂದುಬಿಟ್ಟರೆ ಏನು ಮಾಡಬೇಕು ಎಂಬುದರ ಬಗ್ಗೆ ಅವಳ ವಿಡಿಯೊ ಒಂದೂ ಇಲ್ಲ. ಹುಡುಕಿ ನೋಡಿದ್ದೇನೆ.

ನಮ್ಮದು ಮಧುಗಿರಿಯಲ್ಲಿ, ಬೆಟ್ಟದ ನೆರಳು ಬೇಗ ಬೀಳುವ ಓಣಿಯೊಂದರ ಹಳೆಯ ಮನೆ. ನಮ್ಮ ಮನೆಯವರು ಮಿಡಿಗೇಶಿ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಮಗಳು ಚೈತ್ರ ಇಲ್ಲೇ ಕಾಲೇಜಿಗೆ ಹೋಗುತ್ತಾಳೆ. ನಮ್ಮಲ್ಲಿ ಊಟವೆಂದರೆ ನಡುಮನೆಯಲ್ಲಿ ಟಿವಿಯ ಎದುರು, ತಟ್ಟೆ ತೊಡೆಯ ಮೇಲೆ, ಕಣ್ಣು ಇನ್ನೆಲ್ಲೋ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದು ಜಾಹೀರಾತು ಬಂದಾಗಲಷ್ಟೇ ಅವರಿಬ್ಬರಿಗೂ ಗೊತ್ತಾಗುವುದು. ಅಡುಗೆಮನೆಯ ಪಕ್ಕದಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ಹಿಂದೆ ರಾಗಿ ಮೂಟೆ ಇಡುತ್ತಿದ್ದ ಕೋಣೆ. ಕೊನೆಯ ಹತ್ತು ವರ್ಷ ನಮ್ಮ ಅತ್ತೆ ಮಲಗುತ್ತಿದ್ದದ್ದು ಅಲ್ಲಿ, ಹೋದ ವರ್ಷ ಅವರು ತೀರಿಕೊಂಡದ್ದೂ ಅಲ್ಲಿಯೇ. ವರ್ಷದ ಕಾರ್ಯ ಮುಗಿಯುವವರೆಗೆ ಬಾಗಿಲು ಮುಚ್ಚಿತ್ತು. ಮುಗಿದ ಮಾರನೆಯ ವಾರವೇ ನಾನು ಅಳತೆಯ ಟೇಪು ಹಿಡಿದು ಒಳಹೊಕ್ಕೆ. ಒಂದು ವಾರ ತಡೆದಿದ್ದೆನಲ್ಲ ಎಂದು ನನಗೆ ನಾನೇ ಶಭಾಷ್ ಅಂದುಕೊಂಡದ್ದೂ ಉಂಟು.

ಮೊದಲು ಗೋಡೆ. ಅರಿಶಿನಕ್ಕೂ ಸಾಸಿವೆಗೂ ನಡುವಿನ ಬಣ್ಣ ಹಚ್ಚಿಸಿದೆ, ಹಸಿವು ಹೆಚ್ಚಿಸುವ ಬಣ್ಣವಂತೆ. ಅತ್ತೆ ನೆಲದ ಮೇಲೆ ಕೂತು ಗೋಡೆಗೆ ಒರಗುತ್ತಿದ್ದ ಜಾಗದಲ್ಲಿ, ಹರಳೆಣ್ಣೆಯ ತಲೆ ತಾಗಿ ತಾಗಿ ಅಂಗೈಯಗಲದ ಒಂದು ಕಲೆ ಕೂತಿತ್ತು. ಬಣ್ಣದವನು ಕೆರೆದು, ಉಜ್ಜಿ, ಎರಡು ಕೈ ಬಳಿದ. ನಾಲ್ಕನೆಯ ದಿನ ಕಲೆ ವಾಪಸು ಬಂತು. "ಎಣ್ಣೆ ಜಿಡ್ಡು ಕಣಮ್ಮ, ಬಣ್ಣನೇ ಕುಡ್ದುಬುಡ್ತದೆ" ಎಂದು ಅವನು ಮೂರನೆಯ ಕೈ ಬಳಿದ. ಕಲೆ ಮತ್ತೆ ಬಂತು, ಈ ಸಲ ಮೊದಲಿಗಿಂತ ತುಸು ದೊಡ್ಡದಾಗಿ, ಇಷ್ಟು ದಿನ ಊರಿಗೆ ಹೋಗಿ ಮೈಕೈ ತುಂಬಿಕೊಂಡು ಬಂದವರ ಹಾಗೆ. ನಾನು ಅದರ ಮುಂದೆ ಒಂದು ಕುಂಡ ಇಟ್ಟೆ. ಬಿಸಿಲು ಬೇಡ, ನೀರು ಮರೆತರೂ ಸಾಯೋದಿಲ್ಲ ಎಂದು ನರ್ಸರಿಯವನು ಆಣೆಯಿಟ್ಟು ಕೊಟ್ಟ ಗಿಡ. ಹನ್ನೊಂದನೆಯ ದಿನ ಸತ್ತಿತು. ಸುಮ್ಮನೆ ಹೇಳುತ್ತಿಲ್ಲ, ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ತಾರೀಖಿನ ಪಕ್ಕ ಬರೆದಿಟ್ಟಿದ್ದೇನೆ.

ಆಮೇಲೆ ಮೇಜು. ಸಿರಾದಿಂದ ಬಂದ ಬಡಗಿ ಭಾಯ್ ಮೊದಲು ನೋಡಿದ್ದು ಕೋಣೆಯನ್ನಲ್ಲ, ಬಾಗಿಲನ್ನು. ರಾಗಿ ಮೂಟೆ ಹೊತ್ತವನು ಬಗ್ಗಿ ನುಸುಳಲಷ್ಟೇ ಮಾಡಿದ ಬಾಗಿಲು ಅದು. "ಅಮ್ಮಾ, ಬಾಗ್ಲು ಛೋಟಾ ಐತೆ. ಆರು ಜನದ ಮೇಜು ಒಳಗೇ ಜೋಡಿಸ್ಬೇಕು. ಜೋಡಿಸಿದ ಮೇಲೆ ಆಚೆ ಬರಲ್ಲ. ಸೋಚ್ ಲೋ" ಎಂದರು. "ಆಚೆ ಯಾಕೆ ಬರಬೇಕು ಭಾಯ್?" ಎಂದೆ ನಾನು, ಏನೂ ಯೋಚನೆ ಮಾಡದವಳ ಧೈರ್ಯದಲ್ಲಿ. ಎರಡು ದಿನ ಒಳಗಿನಿಂದ ಬಡಿಯುವ ಸದ್ದು ಬಂತು. ಮೂರನೆಯ ದಿನ ಮೇಜು ಕೋಣೆಯ ತುಂಬ ಕೂತಿತ್ತು. ಸುತ್ತ ಆರು ಕುರ್ಚಿ ಎಳೆದರೆ ನೆಲವೆಂಬುದೇ ಕಾಣುತ್ತಿರಲಿಲ್ಲ. ಭಾಯ್ ಸಾಮಾನು ಕಟ್ಟಿಕೊಂಡು ಹೊರಡುವಾಗ ಒಮ್ಮೆ ತಿರುಗಿ ನೋಡಿ, "ಒಳಗೆ ಕೆಲಸ ಮಾಡೋವಾಗ ಯಾರೋ ಪಕ್ಕದಲ್ಲಿ ಕೂತು ನೋಡ್ತಾ ಇದ್ದಂಗೆ ಆಗ್ತಿತ್ತಮ್ಮ. ನೀವೇ ಅಂದ್ಕೊಂಡೆ" ಎಂದರು. ನಾನು ಎರಡೂ ದಿನ ಹಿತ್ತಲಲ್ಲಿ ಹಪ್ಪಳ ಒಣಗಿಸುತ್ತಿದ್ದೆ.

ಹಳದಿ ದೀಪ ಮೇಜಿನ ಮೇಲೆ ಇಳಿಬಿಟ್ಟೆ. ಅದರ ಬೆಳಕಿಗೆ ಮುದ್ದೆ ಬೆಟ್ಟದ ಗುಂಡಿನ ಹಾಗೆಯೂ, ಉಣ್ಣಲು ಕೂತವರ ಮುಖ ಗೋಡೆಗೆ ಹಾರ ಹಾಕಿ ತೂಗಿಹಾಕಿದ ಫೋಟೊದ ಹಾಗೆಯೂ ಕಾಣುತ್ತಿದ್ದವು. ಕೋಣೆ ದೊಡ್ಡದಾಗಿ ಕಾಣಲೆಂದು ಕನ್ನಡಿ ಹಾಕಿದೆ. ಮೂರು ದಿನ ಆದ ಮೇಲೆ ಚೈತ್ರ, "ಅಮ್ಮಾ, ಆ ಕನ್ನಡೀಲಿ ನಾವು ಜಾಸ್ತಿ ಜನ ಇದ್ದಂಗೆ ಕಾಣ್ತೀವಿ, ತೆಗೆದುಬಿಡು" ಎಂದಳು. ತೆಗೆದೆ. ಏಪ್ರಿಲ್ ತಿಂಗಳಲ್ಲೂ ಆ ಕೋಣೆ ತಣ್ಣಗೆ. ಮೇಷ್ಟ್ರು ಬೆಟ್ಟದ ನೆರಳಿನ ಕೋನ, ಗೋಡೆಯ ದಪ್ಪ ಎಂದು ವಿವರಿಸಿದರು. ವಿವರಿಸಿ, ತಮ್ಮ ತಟ್ಟೆ ಎತ್ತಿಕೊಂಡು ಟಿವಿಯ ಮುಂದೆ ಹೋಗಿ ಕೂತರು. ನಾಗಲಮಡಿಕೆಯಿಂದ ಬಂದಿದ್ದ ಅವರ ಸ್ನೇಹಿತರೊಬ್ಬರು ಹೊಸಿಲಲ್ಲೇ ನಿಂತು, "ಶಾನಾ ಬಾಗುಂದಮ್ಮಾ, ಭಾಳ ಚೆಂದಾಗೈತೆ" ಎಂದು ಎರಡು ಭಾಷೆಯಲ್ಲಿ ಹೊಗಳಿ, "ನಾನು ಹೊರಗಡೇನೇ ಕೂತ್ಕೊಂತೀನಿ" ಎಂದು ಒಂದೇ ಭಾಷೆಯಲ್ಲಿ ತಪ್ಪಿಸಿಕೊಂಡರು. ಬಂದವರೆಲ್ಲ ಒಳಗೆ ಇಣುಕಿದ ಕೂಡಲೇ ಪಿಸುದನಿಯಲ್ಲಿ ಮಾತಾಡುತ್ತಿದ್ದರು, ಮಲಗಿದವರು ಎದ್ದಾರು ಎಂಬಂತೆ.

ಹೀಗೆ ಯಾರೂ ಉಣ್ಣದ ಊಟದ ಕೋಣೆಯನ್ನು ದಿನಾ ಒರೆಸುತ್ತಿರುವಾಗ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಂದು ತೀರಿಹೋದ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಮಗ ಕೆಮ್ಮಿ, ಮೂರು ಸಲ ಬಾಗಿಲು ತಟ್ಟಿ ತೆರೆಯಬೇಕು. ಅತ್ತೆಗೆ ಇದು ಮೊದಲ ಎಡೆ. ಅದಕ್ಕೆಂದೇ ತಾವರೆಕೆರೆಗೆ ಕೊಟ್ಟಿರುವ ನನ್ನ ಗಂಡನ ಅಕ್ಕ ಗಂಗಕ್ಕ ಬೆಳಗಿನ ಬಸ್ಸಿಗೇ ಬಂದಿಳಿದರು. ಜೀವ ಹೋದ ಕೋಣೆಯಲ್ಲೇ ಎಡೆ ಇಡಬೇಕು ಎಂಬುದು ಅವರ ಹಟ. ಬಾಗಿಲು ತೆರೆದು ತೋರಿಸಿದೆ.

"ಏನೇ ಸುಶೀಲಾ, ಅವ್ವನ ಕೋಣೇನ ಹೋಟ್ಲು ಮಾಡ್ಬುಟ್ಟಿದ್ದೀಯ?"

"ಊಟದ ಕೋಣೆ ಗಂಗಕ್ಕ. ಎಲ್ಲಾರೂ ಒಟ್ಟಿಗೆ ಕೂತು ಉಣ್ಣಲಿ ಅಂತ..."

"ಅವ್ವ ಹುಟ್ದಾಗಿಂದ ಸಾಯೋಗಂಟ ನೆಲದ ಮ್ಯಾಲೆ ಕುಂತು ಉಂಡೋಳು. ಈ ಅಟ್ಟದ ಮ್ಯಾಲೆ ಎಡೆ ಇಕ್ಕುದ್ರೆ ಹೆಂಗೆ ಹತ್ತುತಾಳೆ? ಏಣಿ ಇಕ್ತೀಯಾ?"

ಮೇಜನ್ನು ಹೊರಗೆ ಹಾಕು ಎಂದರು. ಹೊರಗೆ ಬರುವುದಿಲ್ಲ ಎಂದೆ. ಹಾಗಾದರೆ ಮೇಜಿನ ಕೆಳಗೆ ಇಡೋಣ ಎಂದು ಮೇಷ್ಟ್ರು ನಡುವೆ ಬಾಯಿ ಹಾಕಿದರು. "ಬೆಕ್ಕಿಗೆ ಇಕ್ದಂಗೆ ಇಕ್ತೀಯೇನ್ಲಾ ಹೆತ್ತವ್ವಂಗೆ? ಮಕ್ಕಳಿಗೆ ಇದ್ನೇ ಏನ್ಲಾ ಪಾಠ ಹೇಳೋದು ನೀನು?" ಎಂದು ಗಂಗಕ್ಕ ತಮ್ಮನನ್ನು ಸುಮ್ಮನಾಗಿಸಿದರು. ಕೊನೆಗೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು: "ಆಯ್ತು, ಮ್ಯಾಲೇ ಇಕ್ಕೋಣ. ಬಾಗ್ಲು ತೆಗೆದಾಗ ಎಡೆ ತಣಿಗೆ ಇಟ್ಟಂಗೇ ಇದ್ರೆ ಅವ್ವ ಬಂದಿಲ್ಲ ಅಂತ. ಬರೋ ವರ್ಷದಿಂದ ಅವ್ವನ ಎಡೆ ತಾವರೆಕೆರೇಲಿ, ನಮ್ಮನೇಲಿ. ಉಣ್ಣದ ಮನೇಗೆ ಅವಳ್ನ ಯಾಕೆ ಕರೀಬೇಕು?"

ಮಗನ ಮನೆಯಿಂದ ತಾಯಿಯ ಎಡೆ ಎದ್ದು ಹೋಯಿತು ಎಂದರೆ ಬಂಧುಬಳಗದಲ್ಲಿ ನನ್ನ ಮುಖ ಎಲ್ಲಿಡಲಿ? ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತನಾಲ್ಕು ವರ್ಷ ಅತ್ತೆಗೆ ಬಡಿಸಿದ್ದೇನೆ. ಚೆನ್ನಾಗಿದೆ ಎಂದೂ ಅವರು ಅಂದವರಲ್ಲ, ಚೆನ್ನಾಗಿಲ್ಲ ಎಂದೂ ಅಂದವರಲ್ಲ. ತಟ್ಟೆ ಖಾಲಿ ಮಾಡಿ ಏಳುತ್ತಿದ್ದರು, ಅಷ್ಟೆ. ಈಗ ಒಂದೇ ಮಧ್ಯಾಹ್ನದಲ್ಲಿ, ಒಂದೇ ತಣಿಗೆಯ ಮೇಲೆ ಅಷ್ಟೂ ವರ್ಷದ ಉತ್ತರ ನಿಂತುಬಿಟ್ಟಿತ್ತು.

ಅತ್ತೆಯದೇ ಕಂಚಿನ ತಣಿಗೆಯಲ್ಲಿ ಬಾಳೆಯೆಲೆ ಹಾಸಿ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ ಬಡಿಸಿದೆ. ಪಕ್ಕದಲ್ಲಿ ಎಲೆಅಡಿಕೆ, ಒಂದು ಎಸಳು ಹೊಗೆಸೊಪ್ಪು. ಗಂಗಕ್ಕ ಅದನ್ನು ಮೇಜಿನ ಮೇಲೆ, ಗೋಡೆಯ ಕಡೆಗೆ ಇಟ್ಟು ಕೈಮುಗಿದರು. ಎಲ್ಲರೂ ಹೊರಗೆ ಬಂದರು. ಎಡೆಯ ಪಕ್ಕ ಹಚ್ಚಿಟ್ಟಿದ್ದ ಎಣ್ಣೆದೀಪದ ಬತ್ತಿ ಸರಿಮಾಡುವ ನೆವದಲ್ಲಿ ನಾನು ಹಿಂದೆ ಉಳಿದೆ. ಉಳಿದು ಮಾಡಿದ ಕೆಲಸವನ್ನು ನಿಮಗೆ ಹೇಳಲೇಬೇಕು. ಆರೂ ಕುರ್ಚಿಗಳನ್ನು ಮೇಜಿನೊಳಕ್ಕೆ ಒತ್ತಿದೆ. ಸತ್ತ ಗಿಡದ ಕುಂಡವನ್ನು ಮೂಲೆಗೆ ತಳ್ಳಿದೆ. ಅಷ್ಟಾದ ಮೇಲೆ ಗೋಡೆಯ ಬುಡದಲ್ಲಿ ತಣಿಗೆ ಹಿಡಿಯುವಷ್ಟು ನೆಲ ಸಿಕ್ಕಿತು. ತಣಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗೆ, ಅವರು ಕೂರುತ್ತಿದ್ದ ಜಾಗದ ಮುಂದೆ ಇಟ್ಟೆ. ಅತ್ತೆಗೆ ಅನುಕೂಲವಾಗಲಿ ಎಂಬುದು ಅರ್ಧ ಕಾರಣ. ತಣಿಗೆ ನೆಲದಲ್ಲಿರುವುದನ್ನು ಕಂಡು, ಅವ್ವ ಬಂದು ಕೆಳಗಿಳಿಸಿಕೊಂಡು ಉಂಡಳು ಎಂದು ಗಂಗಕ್ಕ ನಂಬಲಿ ಎಂಬುದು ಇನ್ನರ್ಧ. ಯಾವ ಅರ್ಧ ದೊಡ್ಡದು ಎಂದು ಕೇಳಬೇಡಿ. ಹೊರಗೆ ಬಂದು ಬಾಗಿಲು ಎಳೆದು, ಚಿಲಕ ಹಾಕಿದವಳೂ ನಾನೇ. ಕೋಣೆಗೆ ಇರುವುದು ಅದೊಂದೇ ಬಾಗಿಲು. ಕಿಟಕಿ ಮುಚ್ಚಿತ್ತು.

ಫ್ಯಾನು, ಟಿವಿ ಎರಡೂ ಆರಿಸಿ ಕೂತೆವು. ಗಂಗಕ್ಕ ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲಿನ ಹತ್ತಿರಕ್ಕೆ ಎಳೆಸಿಕೊಂಡು ಕಿವಿಯನ್ನು ಹಲಗೆಗೆ ಹಚ್ಚಿದರು. "ಏನೂ ಕೇಳುಸ್ತಿಲ್ಲ ಕಣೇ" ಎಂದು ಸನ್ನೆಯಲ್ಲೇ ಅಂದರು. ಮಟಮಟ ಮಧ್ಯಾಹ್ನ. ಪಕ್ಕದ ಮನೆಯ ಮಿಕ್ಸಿ ಒಮ್ಮೆ ಗುರ್ರೆಂದು ನಿಂತಿತು. ಆಮೇಲೆ ಓಣಿಯಲ್ಲಿ ಒಂದು ನಾಯಿಯೂ ಇಲ್ಲ, ಒಂದು ಬೈಕೂ ಇಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಮಾತ್ರ ತಣ್ಣನೆಯ ಗಾಳಿ ಬಂದು ನನ್ನ ಕಾಲ್ಬೆರಳನ್ನು ಮುಟ್ಟಿ ಮುಟ್ಟಿ ಹೋಗುತ್ತಿತ್ತು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಮುಖವನ್ನು ಆಶ್ಚರ್ಯಪಡುವುದಕ್ಕೆ ತಯಾರು ಮಾಡಿಕೊಳ್ಳತೊಡಗಿದೆ. ಬಾಗಿಲು ತೆರೆದ ಕೂಡಲೇ "ಅಯ್ಯೋ, ತಣಿಗೆ ಕೆಳಗೆ!" ಎಂದು ಮೊದಲು ಕೂಗಬೇಕಾದವಳು ನಾನಲ್ಲವೇ.

ಮೇಷ್ಟ್ರು ಕೆಮ್ಮಿದರು. ಮೂರು ಸಲ ತಟ್ಟಿದರು. ಬಾಗಿಲು ತೆರೆದರು.

ತಣಿಗೆ ಮೇಜಿನ ಮೇಲಿತ್ತು.

ಗಂಗಕ್ಕ ಇಟ್ಟಿದ್ದ ಜಾಗದಲ್ಲೇ, ಒಂದು ಹನಿ ಸಾರು ಚೆಲ್ಲದೆ. ಅದರ ಮುಂದಿನ ಕುರ್ಚಿಯೊಂದು ಮಾತ್ರ ಹೊರಕ್ಕೆ ಸರಿದಿತ್ತು, ಒಬ್ಬರು ಆರಾಮವಾಗಿ ಕೂರುವಷ್ಟು. ನಾನು ತಯಾರು ಮಾಡಿಟ್ಟಿದ್ದ ಆಶ್ಚರ್ಯ ಎಲ್ಲಿಗೆ ಹೋಯಿತೋ ತಿಳಿಯದು. ಗಂಗಕ್ಕ ತಣಿಗೆಯನ್ನು ದಿಟ್ಟಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನೋಡ್ದಾ? ಇಟ್ಟಂಗೇ ಅದೆ. ಅವ್ವ ಬರಲಿಲ್ಲ. ಬರೋ ವರ್ಷ ನಾನೇ ಇಕ್ತೀನಿ ಬುಡು."

ನನ್ನ ಪರಿಸ್ಥಿತಿ ನೋಡಿ. ಅತ್ತೆ ಬಂದಿದ್ದಾರೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅದನ್ನು ಹೇಳಬೇಕಾದರೆ ನನ್ನ ಕಳ್ಳತನವನ್ನು ಮೊದಲು ಹೇಳಬೇಕು. ಸುಮ್ಮನಿದ್ದರೆ, ಬಂದು ಉಂಡವರನ್ನು ಬರಲಿಲ್ಲ ಅನ್ನಿಸಿ ಮನೆಯಿಂದ ಕಳಿಸಿದಂತೆ. ಗೋಡೆ ಹಿಡಿದುಕೊಂಡು ಹೇಳಿಬಿಟ್ಟೆ.

"ಎಡೆ ಮುಟ್ಟುದ್ಯಾ? ಯಾರ್ನ ಕೇಳಿ ಕೆಳಕ್ಕಿಟ್ಟೆ?" ಗಂಗಕ್ಕನ ದನಿ ಏರಿತು. ಆಮೇಲೆ ಮಾತಿನ ಅರ್ಥ ನಿಧಾನಕ್ಕೆ ಒಳಗಿಳಿದು ದನಿ ತಗ್ಗಿತು. "ನಿಜವಾಗ್ಲೂ ಕೆಳಗಿಟ್ಟಿದ್ಯಾ?"

"ನಿಮ್ಮಾಣೆ ಗಂಗಕ್ಕ."

"ನನ್ನಾಣೆ ಯಾಕಿಕ್ತೀಯ, ನಿನ್ನಾಣೆ ಇಕ್ಕು!"

ನನ್ನಾಣೆ ಇಟ್ಟೆ. "ನೀನೇ ಗಾಬರಿಯಲ್ಲಿ ಮತ್ತೆ ಮೇಲಿಟ್ಟು ಮರೆತಿರಬೇಕು" ಎಂದರು ಮೇಷ್ಟ್ರು. ಆದರೆ ಹೊಸಿಲು ದಾಟಲಿಲ್ಲ. ಚೈತ್ರ ನನ್ನ ಸೆರಗನ್ನು ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ ಹಿಡಿದುಕೊಂಡಿದ್ದಳು. ಗಂಗಕ್ಕ ಎರಡು ಕೈಯಲ್ಲೂ ಮಂಡಿ ಒತ್ತಿಕೊಂಡು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದವರು ಅರ್ಧಕ್ಕೇ ನಿಂತುಬಿಟ್ಟರು. ತಮ್ಮ ಮಂಡಿ ನೋಡಿಕೊಂಡರು, ಒಳಗಿನ ಕುರ್ಚಿ ನೋಡಿದರು.

"ಅವ್ವಂಗೂ ಮಂಡಿ ನೋವಿತ್ತಲ್ವೇನೇ ಸುಶೀಲಾ?"

"ಇತ್ತು ಗಂಗಕ್ಕ."

"ಏಳೋವಾಗ ಗೋಡೆ ಹಿಡ್ಕಂಡು, ಅಲ್ಲೇ ಒಂದು ಗಳಿಗೆ ನಿಂತು ಏಳೋಳು. ಕುರ್ಚಿ ಮ್ಯಾಲೆ ಕೂತ್ಕೋ ಬಾರವ್ವ ಅಂತ ನಮ್ಮಲ್ಲಿ ಒಬ್ರಾನ ಅಂದ್ವಾ?"

ಯಾರೂ ಅಂದಿರಲಿಲ್ಲ. ಅವರಿಗೆ ನೆಲವೇ ಇಷ್ಟ ಎಂದು ನಾವೆಲ್ಲ ಸೇರಿ ತೀರ್ಮಾನಿಸಿಬಿಟ್ಟಿದ್ದೆವು. ಗಂಗಕ್ಕ ಬಗ್ಗಿ ಬಾಗಿಲು ದಾಟಿ, ಹೊರಕ್ಕೆ ಸರಿದಿದ್ದ ಕುರ್ಚಿಯ ಪಕ್ಕದ ಕುರ್ಚಿಯನ್ನು ಎಳೆದು ಕೂತರು. "ಎಡೆ ಇಲ್ಲೇ ಇರ್ಲಿ. ಅವಳ್ಗೆ ಹಿಡಿಸ್ತಲ್ಲ, ಇನ್ನೇನು. ಬಡ್ಸು, ಹೊಟ್ಟೆ ಹಸೀತಾ ಅದೆ" ಎಂದರು. ಮೇಷ್ಟ್ರು ಎದುರಿಗೆ ಕೂತರು, ಚೈತ್ರ ಅವರ ಪಕ್ಕದಲ್ಲಿ. ಆ ಕೋಣೆಯಲ್ಲಿ ಮೊದಲ ಸಲ ಬದುಕಿರುವವರು ಸರಿಯಾಗಿ ಊಟ ಮಾಡಿದರು. ಸಾರಿಗೆ ಉಪ್ಪು ಒಂಚೂರು ಮುಂದಾಗಿದೆ ಎಂದು ಮೂವರೂ ಒಟ್ಟಿಗೇ ಹೇಳಿದರು.

ಈಗ ದಿನಾ ಊಟ ಅಲ್ಲಿಯೇ. ಬಂದವರೂ ಅಲ್ಲೇ ಕೂರುತ್ತಾರೆ, ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಾರೆ. ಗೋಡೆಯ ಕಡೆಯ ಆ ಒಂದು ಕುರ್ಚಿಯನ್ನು ಒಳಕ್ಕೆ ತಳ್ಳುವುದಕ್ಕೆ ಮಾತ್ರ ನಮ್ಮಲ್ಲಿ ಯಾರ ಕೈಯೂ ಮುಂದಾಗುವುದಿಲ್ಲ. ಮೊಬೈಲಿನ ತೆಳ್ಳಗಿನ ಹೆಂಗಸಿಗೆ ಒಂದು ಫೋಟೊ ಕಳಿಸೋಣ ಎಂದುಕೊಂಡಿದ್ದೆ. ಫೋಟೊದಲ್ಲಿ ಎಷ್ಟು ಜನ ಬಂದಾರೋ ಎಂದು ಬಿಟ್ಟೆ. ಇಷ್ಟೆಲ್ಲ ಮಾಡಿಸಿದ ನಾನು ಮಾತ್ರ ಇವತ್ತಿಗೂ ಅಡುಗೆಮನೆಯ ಬಾಗಿಲಿಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಣ್ಣುತ್ತೇನೆ. "ನೀನು ಮಾಡಿಸಿದ ಮೇಜು, ನೀನೇ ಕೂರಲ್ವಲ್ಲಮ್ಮ" ಎಂದು ಚೈತ್ರ ಆಡಿಕೊಳ್ಳುತ್ತಾಳೆ. ಕೂರುವುದು ಹೇಗೆ? ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅತ್ತೆ ಉಂಡು ಏಳುವ ಮೊದಲು ನಾನು ತಟ್ಟೆಯ ಮುಂದೆ ಕೂತವಳಲ್ಲ. ಅವರು ಎದ್ದ ಲಕ್ಷಣ ಇನ್ನೂ ಕಾಣುತ್ತಿಲ್ಲ. ಅವಸರಪಡಿಸುವಂತೆಯೂ ಇಲ್ಲ, ಮೊದಲಿನಿಂದಲೂ ಅವರು ಊಟಕ್ಕೆ ಬಹಳ ನಿಧಾನ.