ಕಾಕಾನ ದೋಣಿಯ ಸೀಳಿದ ಹಲಗೆ

ನಮ್ಮ ಕಾಕಾನಂಥ ನಾವಿಕ ಇಡೀ ಮೂಡಲಗಿ ತಾಲೂಕಿನಲ್ಲೇ ಇಲ್ಲ! ಎರಡನೆಯವನು ಯಾವನೂ ಇಲ್ಲ, ಅದಕ್ಕೇ ಇವನು ಮೊದಲನೆಯವನು ಎನ್ನುತ್ತಾಳೆ ಅವನ ಹೆಂಡತಿ, ಅಂದರೆ ನಮ್ಮ ಕಾಕು. ಗೋವಾದಲ್ಲಿ ದೋಣಿ ಕಟ್ಟುವ ಕಾರ್ಖಾನೆಯೊಂದರ ಗೇಟನ್ನು ಮೂವತ್ತು ವರ್ಷ ಕಾಯ್ದವನು, ನಿವೃತ್ತನಾಗಿ ಬರುವಾಗ ಯಾರಿಗೂ ಬೇಡವಾದ ಪುಟ್ಟ ಹಾಯಿದೋಣಿಯನ್ನು ಲಾರಿಗೆ ಹಾಕಿಸಿಕೊಂಡು ಬಂದ. ಸುತ್ತ ಕಬ್ಬು, ನಡುವೆ ದೋಣಿ! ಮೊದಲು ಹತ್ತಿ ಕೂತವು ಪಕ್ಕದ ಮನೆಯ ಆಡಿನ ಮರಿಗಳು.

"ದೋಣಿ ಯಾಕ್ರೀ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಹೆಂಡ್ತಿ ತವರಮನಿಗೆ ಹೋಗಾಕ."

ತಮಾಷೆಯಲ್ಲ. ಕಾಕುವಿನ ತವರೂರು ಹುಕ್ಕೇರಿ ಕಡೆ ಹಿಡಕಲ್ ಅಣೆಕಟ್ಟಿನ ನೀರಿನಡಿ ಇದೆ. ಲಂಗ ಉಡುವ ವಯಸ್ಸಿನಲ್ಲಿ ಬಿಟ್ಟು ಬಂದ ಊರು. ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಾಗ ಕಾಕು ಬಾಗಿಲಲ್ಲಿ ನಿಂತು ಬಸ್ಸು ನೋಡುತ್ತಾಳೆ. "ಒಮ್ಮಿ ಆ ನೀರಿನ ಮ್ಯಾಲರ ನಿಂತು ಬರಬೇಕ್ರಿ" ಎನ್ನುವುದು ಅವಳ ಆಸೆ. ಮೊಣಕಾಲುಗಳು ಆಗಲೇ ತಕರಾರು ತೆಗೆದಿದ್ದವು. ಈ ವರ್ಷ ದೋಣಿ ಹತ್ತದಿದ್ದರೆ ಮುಂದೆ ಹತ್ತಲಾರಳು.

ಸರಿ, ಟ್ರ್ಯಾಕ್ಟರಿನಲ್ಲಿ ದೋಣಿ ಹೇರಿಕೊಂಡು ಹೊರಟೆವು. ಕಾಕು ಇಳಕಲ್ ಸೀರೆ ಉಟ್ಟು ರೊಟ್ಟಿ ಬುತ್ತಿ ಕಟ್ಟಿದ್ದಳು. ನಮ್ಮ ಡ್ರೈವರ್ ಮಹಾಶಯ ದಿನಾ ಖಡಿ, ಅಂದರೆ ಜಲ್ಲಿಕಲ್ಲು, ಸಾಗಿಸುವವನು. ದಂಡೆಗೆ ಬಂದವನೇ ರೂಢಿಯಂತೆ ಟ್ರೇಲರ್ ಎತ್ತಿಬಿಟ್ಟ! ದೋಣಿ ಧಡಾರನೆ ಕಲ್ಲಿನ ಮೇಲೆ. ಅದರ ಹೊಟ್ಟೆಯಡಿ ಹಗ್ಗದಿಂದ ಇಳಿಸಿ ಏರಿಸುವ ಫೈಬರ್ ಹಲಗೆ ತುದಿಯಲ್ಲಿ ಸೀಳಿತು. ಈ ಹಲಗೆ ನೀರೊಳಗೆ ಇಳಿದಿದ್ದರೇ ದೋಣಿ ನೆಟ್ಟಗೆ ಸಾಗುವುದು. ಇಲ್ಲದಿದ್ದರೆ ಗಾಳಿ ತಳ್ಳಿದತ್ತ ಪ್ರಯಾಣ. ದಂಡೆಯಲ್ಲೇ ಕೂತು ಬುತ್ತಿ ಉಂಡೆವು. ಕಾಕು ನೀರಿಗೆ ಬೆನ್ನು ಹಾಕಿ ಕೂತಿದ್ದಳು.

ಹಲಗೆಯನ್ನು ಗೋಕಾಕಿಗೆ ಒಯ್ದೆವು. ನೀರಿನ ಟ್ಯಾಂಕು ರಿಪೇರಿ ಮಾಡುವ ಚಾಚಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ಯಾವ ಗಾಡೀದ್ರಿ?"

"ದೋಣೀದು."

"ದೋಣಿಗೂ ಬ್ರೇಕ್ ಇರ್ತೈತೇನ್ರಿ?"

ಕಾಕಾನಿಗೆ ಎಲ್ಲಿಲ್ಲದ ಸಿಟ್ಟು. "ನಾನ ಮಾಡ್ಕೋತೇನಿ. ಮೂವತ್ತು ವರ್ಷ ನೋಡೇನಿ!" ಎಂದು ರಾಳ, ಗಾಜಿನ ಎಳೆಯ ಬಟ್ಟೆ, ರಾಳ ಗಟ್ಟಿಯಾಗಲು ಬೆರೆಸುವ ಔಷಧ ಎಲ್ಲ ಕೊಂಡು ಎದ್ದ. "ಬಿಸಲು ಭಾಳ ಐತ್ರಿ, ಔಷಧ ಹನಿ ಲೆಕ್ಕದಾಗ ಹಾಕ್ರಿ" ಎಂದ ಚಾಚಾ. ಕೇಳುವವರು ಯಾರು? ಕಾಕಾ ಅಂಗಳದಲ್ಲಿ ಕೂತು, ಕಾಕುವಿನ ಬೋಗುಣಿಯಲ್ಲಿ ರಾಳಕ್ಕೆ ಅರ್ಧ ಬಾಟಲಿ ಸುರಿದ. ಹೊಗೆ ಎದ್ದಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಲ್ಲ ಕಲ್ಲು. ನಡುವೆ ಸೌಟು ನೆಟ್ಟಗೆ ನಿಂತಿತ್ತು.

ಒಳಗಿನಿಂದ ಕಾಕು ಕೂಗಿದಳು: "ಏನ್ರೀ, ತಳಾ ಹತ್ತಿತೇನ್?"

ಮರುದಿನ ಬುದ್ಧಿ ಬಂದಿತ್ತು. ಸೀಳನ್ನು ಉಜ್ಜಿ, ಒಣಗಿಸಿ, ಬಟ್ಟೆಯ ಮೇಲೆ ಬಟ್ಟೆ ಹಾಸಿ, ಹನಿ ಎಣಿಸಿ ಬೆರೆಸಿದ ರಾಳ ಬಳಿದ. ಸುಳ್ಳು ಯಾಕೆ ಹೇಳಲಿ, ಕೆಲಸ ಚೆಂದವಾಗಿತ್ತು. ಆದರೆ ಸಂಜೆ ನೋಡಿದರೆ ಹಲಗೆಯ ಮೇಲೆ ಮೂರು ಬೆರಳಿನ ವಿಭೂತಿ! ಟ್ರ್ಯಾಕ್ಟರ್ ಇರಲಿ, ಮಿಕ್ಸರ್ ಇರಲಿ, ವಿಭೂತಿ ಹಚ್ಚದೆ ಕಾಕು ಯಾವುದನ್ನೂ ಬಳಸಲು ಬಿಡುವವಳಲ್ಲ. ಹಸಿ ರಾಳ ಅದನ್ನು ಒಳಗೆಳೆದುಕೊಂಡು ಗಟ್ಟಿಯಾಗಿತ್ತು.

"ಹಸಿ ಐತಿ ಅಂತ ಕಾಣಲಿಲ್ಲೇನ ನಿನಗ?"

"ಒಣಗಿದ ಮ್ಯಾಲ ಹಚ್ಚಿದ್ರ ನೀರಾಗ ತೊಳ್ಕೊಂಡು ಹೋಗ್ತಿತ್ತಲ್ರಿ!"

ವಿಭೂತಿ ಉಜ್ಜಿ ತೆಗೆಯಲು ಹಿಡಿದಿದ್ದ ಪಾಲಿಶ್ ಪೇಪರನ್ನು ಕಾಕಾ ಕೆಳಗಿಟ್ಟ.

ಮಳೆಗಾಲ ಮುಗಿದು ನೀರು ತುಂಬಿದಾಗ ಮತ್ತೆ ಹೋದೆವು. ಈ ಸಲ ನಾಲ್ಕು ಜನ ದೋಣಿಯನ್ನು ಕೈಯಾರೆ ಇಳಿಸಿದರು. ಕಾಕುವನ್ನು ರಟ್ಟೆ ಹಿಡಿದು ಹತ್ತಿಸಿದೆವು. ದೋಣಿ ನೆಟ್ಟಗೆ ಸಾಗಿತು. ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಕಾಕಾನಿಗೇ!

ಕಾಕು ದೂರದ ಗುಡ್ಡ ನೋಡುತ್ತಿದ್ದಳು. "ಆ ಗುಡ್ಡದ ನೇರಕ್ಕ ಊರ ಅಗಸಿ ಬಾಗಲಾ ಇತ್ತು... ಇನ್ನ ಸ್ವಲ್ಪ ಮುಂದ... ಇಲ್ಲೇ ನೋಡ್ರಿ. ಇಲ್ಲೇ ನಮ್ಮ ಮನಿ."

ಕಾಕಾ ಹಗ್ಗ ಎಳೆದು ಹಲಗೆಯನ್ನು ಮೇಲೆತ್ತಿಬಿಟ್ಟ. ದೋಣಿ ಅಡ್ಡಡ್ಡ ಸರಿಯತೊಡಗಿತು.

"ಕಾಕಾ! ಹಲಗಿ ಯಾಕ ಎತ್ತಿದಿ?"

"ಸುಮ್ಕಿರಲೇ," ಎಂದು ಪಿಸುಗುಟ್ಟಿದ. "ಕೆಳಗ ಅವರ ಮನಿ ಮಾಳಗಿ ಐತಿ. ತಾಗಬಾರದು."

ಅಲ್ಲಿ ನಾಲ್ಕಾಳು ಆಳದ ನೀರು. ನಮ್ಮ ಹಲಗೆ ಎರಡು ಮೊಳ. ನಾನೂ ಆ ಹಗ್ಗಕ್ಕೆ ಕೈ ಹಚ್ಚಿದೆ. ಕಾಕು ಬಾಗಿ ನೀರೊಳಗೆ ಮೊಣಕೈತನಕ ಕೈ ಇಳಿಬಿಟ್ಟಳು.

"ಅವ್ವಾ," ಎಂದಳು, "ನಾ ಬಂದೇನಬೇ."