ಥಂಡಿ ಏರಿದ ಕೈ

ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವ ದ್ಯಾಮಣ್ಣನ ಬೆರಳು ಹೆಪ್ಪುಗಟ್ಟಿದ್ದು ಹಿಮಾಲಯದಲ್ಲಲ್ಲ. ಯಲಬುರ್ಗಾ ತಾಲ್ಲೂಕಿನಲ್ಲಿ, ಮೇ ತಿಂಗಳ ಮುಂಜಾನೆ ಹತ್ತರ ಬಿಸಿಲಿಗೆ, ಹನಮಪ್ಪನ ಕೊಟ್ಟಿಗೆಯಲ್ಲಿ. ಕೋಣದ ಬೀಜವನ್ನು ಮಂಜಿಗಿಂತ ತಣ್ಣಗೆ ಕಾಪಿಡುವ ನೈಟ್ರೋಜನ್ ಕ್ಯಾನಿನ ಕೊರಳಲ್ಲಿ ಬೀಜದ ಕೊನೆಯ ಕಡ್ಡಿ ಸಿಕ್ಕಿಕೊಂಡಿತ್ತು. ಬೆದೆಗೆ ಬಂದ ಎಮ್ಮೆ ಒದರುತ್ತಿತ್ತು. ಕಡ್ಡಿ ಎತ್ತುವ ಇಕ್ಕಳ ಮನೆಯಲ್ಲಿ ಉಳಿದಿತ್ತು. ಬಿಸಿಲಿಗೆಂದು ತಲೆಗೆ ಕಟ್ಟಿದ್ದ ಒದ್ದೆ ಟವೆಲನ್ನೇ ಕೈಗೆ ಸುತ್ತಿಕೊಂಡು ದ್ಯಾಮಣ್ಣ ಬೆರಳಿಳಿಸಿದ. ಟವೆಲ್ ಹಪ್ಪಳದಂತೆ ಸೆಟೆಯಿತು. ನಾಲ್ಕು ಬೆರಳು ಮೇಣದ ಬತ್ತಿಯಂತೆ ಬಿಳಿಚಿದವು.

“ಕಾಕಾ, ಬೆರಳು ನನ್ನವಲ್ಲ ಅನ್ಸಾಕ್ಹತ್ತೈತಿ!”

“ಸುಮ್ಕಿರಪಾ. ಹಾವು ಕಡದ್ರೇನು, ಥಂಡಿ ಕಡದ್ರೇನು, ಮ್ಯಾಲ ಏರಗೊಡಬಾರದು,” ಎಂದ ಹನಮಪ್ಪ, ಕರುವಿನ ಕೊರಳ ದಾರವನ್ನು ಅವನ ರಟ್ಟೆಗೆ ಬಿಗಿದು, ತುಂಬುತೋಳಿನ ಅಂಗಿಯನ್ನು ಕೆಳಗೆಳೆದ.

ಕೊಪ್ಪಳದ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಭವಾನಿ ಪೆನ್ನು ನಿಲ್ಲಿಸಿದಳು. “ಥಂಡಿ ಕಡದೈತಾ? ಹೊರಗ ನಲವತ್ತೆರಡು ಡಿಗ್ರಿ ಐತ್ರೀ. ಅಷ್ಟು ಥಂಡಿ ಯಾವೂರಾಗ ಸಿಕ್ತು, ನಮಗೂ ಹೇಳ್ರಿ.”

ಡಾಕ್ಟರ್ ದೀಪಿಕಾ ಮಾತ್ರ ನಗಲಿಲ್ಲ. ಬೆರಳುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಿಸಿದರು. “ಒಳಗ ರಕ್ತ ಹರೀತೈತೋ ಇಲ್ಲೋ, ಸ್ಕ್ಯಾನಿನಾಗ ನೋಡೂಣು. ಹರೀಲಿಲ್ಲಂದ್ರ ಬೆರಳು ತಗೀಬೇಕಾಗ್ತೈತಿ.”

ದ್ಯಾಮಣ್ಣನ ಮನೆಯ ಅನ್ನವೆಲ್ಲ ಆ ನಾಲ್ಕು ಬೆರಳಲ್ಲಿತ್ತು.

ರಕ್ತದ ಹರಿವು ತೋರಿಸುವ ಔಷಧಿಯನ್ನು ನರಕ್ಕೆ ಬಿಟ್ಟು ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಬೆಳ್ಳಗೆ ಇಳಿದುಬಂದ ರಕ್ತ, ಕಾಲುವೆಯ ಗೇಟು ಹಾಕಿದಂತೆ ರಟ್ಟೆಯಲ್ಲೇ ನಿಂತುಬಿಟ್ಟಿತು. ದೀಪಿಕಾ ಗಾಬರಿಯಾದರು. “ಬೆರಳಷ್ಟ ಅಲ್ರೀ, ಇಡೀ ಕೈಗೇ...” ಎನ್ನುತ್ತ ಅಂಗಿಯ ತೋಳು ಸರಿಸಿದರೆ, ದಾರ!

ಅದನ್ನು ಕತ್ತರಿಸಿ ಮತ್ತೆ ನೋಡಿದಾಗ, ಕೊನೆಯ ಗದ್ದೆಗೂ ನೀರು ಬಂದಂತೆ ರಕ್ತ ಉಗುರಿನ ಬುಡದವರೆಗೂ ಮಿನುಗಿತು. “ಕೊಯ್ಯೂದು ಬ್ಯಾಡ. ಪಟ್ಟಿ ಕಟ್ಟಿದ್ರ ಸಾಕು.” ದ್ಯಾಮಣ್ಣನ ಕಣ್ಣು ತುಂಬಿಬಂದವು. ದೀಪಿಕಾಗೆ ಕೈ ಮುಗಿದ, ಸ್ಕ್ಯಾನ್ ಯಂತ್ರಕ್ಕೆ ಮುಗಿದ, ಅದರ ಪ್ಲಗ್ಗನ್ನೂ ಬಿಡಲಿಲ್ಲ.

ಸ್ಕ್ಯಾನಿನ ಎಸಿ ಕೋಣೆಯಿಂದ ಹೊರಬಂದಾಗ ಅವನ ಮೈ ಗಡಗಡ ನಡುಗುತ್ತಿತ್ತು. ಬಾಗಿಲಲ್ಲಿ ಕಾದಿದ್ದ ಹನಮಪ್ಪ ಬರಿದಾದ ರಟ್ಟೆ ನೋಡಿ ಹೌಹಾರಿದ. “ದಾರ ಕತ್ತರಿಸ್ಯಾರ! ಥಂಡಿ ನೆತ್ತಿಗೆ ಏರೇಬಿಟ್ಟೈತಿ! ಯಾರರ ಬರ್ರೆಪಾ!”

ಕರೆದರೆ ಬಾರದಿರುವ ಜನ ನಮ್ಮವರಲ್ಲ. ನಾಲ್ವರು ಸೇರಿ ಯಾರದೋ ಕಂಬಳಿಯಲ್ಲಿ ದ್ಯಾಮಣ್ಣನನ್ನು ಸುತ್ತಿ, ಆಸ್ಪತ್ರೆಯ ಅಂಗಳದಲ್ಲಿ ಬಿಸಿಲಿಗೆ ಕಾದ ಕಲ್ಲುಬೆಂಚಿನ ಮೇಲೆ ಮಲಗಿಸಿ, ಏಳದಂತೆ ಹಿಡಿದು ಕೂತರು.

ಸಂಜೆಯ ಹೊತ್ತಿಗೆ ಅವನನ್ನು ಆಸ್ಪತ್ರೆಗೆ ಮತ್ತೆ ಸೇರಿಸಿಕೊಂಡರು, ಬಿಸಿಲು ಬಡಿದದ್ದಕ್ಕೆ.

ಹನಮಪ್ಪ ಮಂಚದ ಮೇಲೆ ಬಾಗಿದ. “ಈಗ ಬೆಚ್ಚಗ ಅನ್ಸಾಕ್ಹತ್ತೈತೇನೋ ತಮ್ಮಾ?”

“ಭಾಳ ಉಪಕಾರಾತು ಕಾಕಾ,” ಎಂದ ದ್ಯಾಮಣ್ಣ, ಒಣಗಿದ ತುಟಿ ಸವರಿಕೊಳ್ಳುತ್ತ. “ಬೆರಳು ಉಳದಾವ. ಇನ್ನ ನೀ ಊರಿಗೆ ಹೋದ್ರ ಜೀವಾನೂ ಉಳೀತೈತಿ.”